ಐವತ್ತಕ್ಕೆ ಐವತ್ತು: ಕ್ಯಾಲಿಫೋರ್ನಿಯಾದ ಬ್ರೇಕ್ ಕ್ಲೀನರ್ ಪ್ರಕರಣ

1990ರ ದಶಕದ ಕೊನೆಯ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಕಾರು ರಿಪೇರಿ ಶೆಡ್ಡುಗಳಲ್ಲಿ ದುಡಿಯುತ್ತಿದ್ದ ಕೆಲವು ಮೆಕ್ಯಾನಿಕ್‌ಗಳಿಗೆ ಕೈಕಾಲು ಜೋಮು ಹಿಡಿಯತೊಡಗಿತು. ಅವರಲ್ಲೊಬ್ಬ ಇನ್ನೂ ಇಪ್ಪತ್ತರ ಹರೆಯದವನು. ಜೋಮು ಎಂದರೆ ಒಂದೇ ಭಂಗಿಯಲ್ಲಿ ಕೂತು ಎದ್ದಾಗ ಬಂದು ಹೋಗುವ ಜುಮುಜುಮು ಅಲ್ಲ. ಕಾಲ್ಬೆರಳಿನ ತುದಿಯಲ್ಲಿ ಹುಟ್ಟಿ ಪಾದಕ್ಕೆ, ಪಾದದಿಂದ ಮೇಲಕ್ಕೆ ಏರುತ್ತಾ ಹೋಗಿ, ಅದೇ ಹೊತ್ತಿಗೆ ಕೈಬೆರಳುಗಳನ್ನೂ ಹಿಡಿದು, ಬಿಡದೇ ಉಳಿಯುವ ಜೋಮು. ವೈದ್ಯಕೀಯ ಭಾಷೆಯಲ್ಲಿ ಇದು ಪೆರಿಫೆರಲ್ ನ್ಯೂರೋಪತಿ, ಅಂದರೆ ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಅಂಗಾಂಗಗಳಿಗೆ ಹರಡಿಕೊಂಡಿರುವ ನರಗಳ ಬೇನೆ. ಸಕ್ಕರೆ ಕಾಯಿಲೆ, ದೀರ್ಘಕಾಲದ ಮದ್ಯಪಾನ, ಬಿ12 ಜೀವಸತ್ವದ ಕೊರತೆ ಇವು ಅದರ ಪರಿಚಿತ ಕಾರಣಗಳು. ಆರೋಗ್ಯವಂತ ಯುವಕನೊಬ್ಬನಲ್ಲಿ ಇವೊಂದೂ ಇಲ್ಲದಿದ್ದಾಗ ವೈದ್ಯರು ಕೇಳಬೇಕಾದ ಪ್ರಶ್ನೆ ಒಂದೇ ಉಳಿಯುತ್ತದೆ: ನೀನು ಏನು ಕೆಲಸ ಮಾಡುತ್ತೀಯ, ಕೆಲಸದಲ್ಲಿ ಏನನ್ನು ಮುಟ್ಟುತ್ತೀಯ, ಏನನ್ನು ಉಸಿರಾಡುತ್ತೀಯ?

ಉತ್ತರವಿದ್ದದ್ದು ಬ್ರೇಕ್ ಕ್ಲೀನರ್ ಎಂಬ ಸ್ಪ್ರೇ ಡಬ್ಬಿಯಲ್ಲಿ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರದ ವಾರಪತ್ರಿಕೆಯು 2001ರ ನವೆಂಬರ್‌ನಲ್ಲಿ ಈ ಪ್ರಕರಣಗಳನ್ನು ಪ್ರಕಟಿಸಿದಾಗ, ಎನ್-ಹೆಕ್ಸೇನ್ (ಕವಲಿಲ್ಲದ ನೇರ ಸರಪಳಿಯ ಹೆಕ್ಸೇನ್) ಎಂಬ ದ್ರಾವಕದಿಂದ ಮೆಕ್ಯಾನಿಕ್‌ಗಳಿಗೆ ಬಂದ ನರಬೇನೆ ಎಂದೇ ಅದನ್ನು ಹೆಸರಿಸಿತು. ಆ ಡಬ್ಬಿಯೊಳಗೆ ಹೆಕ್ಸೇನ್ ಬಂದದ್ದು ಹೇಗೆ, ಅದಕ್ಕೆ ಅಸಿಟೋನ್ ಜೊತೆಯಾದದ್ದು ಏಕೆ ಎಂದು ಹಿಂದಕ್ಕೆ ಹುಡುಕುತ್ತಾ ಹೋದರೆ ದಾರಿಯು ನೇರವಾಗಿ ಗಾಳಿಯನ್ನು ಶುದ್ಧಗೊಳಿಸಲೆಂದೇ ಮಾಡಿದ ಕಾನೂನುಗಳಿಗೆ ತಲುಪುತ್ತದೆ. ಈ ಪ್ರಕರಣವನ್ನು ವಿವರವಾಗಿ ಬರೆಯಬೇಕೆನಿಸಿದ್ದು ಆ ಕಾರಣಕ್ಕೆ. ಇಲ್ಲಿ ಯಾರೂ ಕಾನೂನು ಮುರಿಯಬೇಕಾಗಿರಲಿಲ್ಲ. ಅರ್ಧ ಹೆಕ್ಸೇನ್, ಅರ್ಧ ಅಸಿಟೋನ್ ಇರುವ ಮಿಶ್ರಣ ನಿಯಮಕ್ಕೆ ಅಕ್ಷರಶಃ ಬದ್ಧವಾಗಿತ್ತು.

ಒಂದು ಬ್ರೇಕಿನ ಕೆಲಸ

ಬ್ರೇಕ್ ಕ್ಲೀನರ್ ಬಳಸುವ ಬಗೆ ಗೊತ್ತಿಲ್ಲದೆ ಮುಂದಿನದು ಅರ್ಥವಾಗದು. ಕಾರನ್ನು ಲಿಫ್ಟಿನ ಮೇಲೇರಿಸಿ ಚಕ್ರ ಬಿಚ್ಚಿದರೆ ಎದುರಿಗೆ ಕಾಣುವುದು ರೋಟರ್ ಎಂಬ ಲೋಹದ ತಟ್ಟೆ ಮತ್ತು ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್. ಅದರ ಮೇಲೆಲ್ಲ ಪ್ಯಾಡು ಸವೆದ ಕಪ್ಪು ಪುಡಿ, ಗ್ರೀಸು, ಸೋರಿದ ಬ್ರೇಕ್ ಆಯಿಲ್ ಸೇರಿ ಮೆತ್ತಿಕೊಂಡ ಪದರ. ರೋಟರ್ ಮೇಲೆ ಎಣ್ಣೆಯ ಸಣ್ಣ ಪಸೆ ಉಳಿದರೂ ಬ್ರೇಕ್ ಜಾರುತ್ತದೆ, ಆದ್ದರಿಂದ ಚೊಕ್ಕಟಮಾಡಿದ ಮೇಲೆ ಲೋಹದ ಮೇಲೆ ಏನೂ ಉಳಿಯಬಾರದು. ಮೆಕ್ಯಾನಿಕ್ ಮುಖವನ್ನು ಹತ್ತಿರ ಹಿಡಿದು ಡಬ್ಬಿಯ ಗುಂಡಿ ಒತ್ತುತ್ತಾನೆ, ದ್ರಾವಕ ರಭಸದಿಂದ ಹೊಡೆದು ಕೊಳೆಯನ್ನು ಕರಗಿಸಿ ಕೆಳಗೆ ತೊಟ್ಟಿಕ್ಕುತ್ತದೆ, ಉಳಿದದ್ದು ಅರೆಕ್ಷಣದಲ್ಲಿ ಆವಿಯಾಗಿ ಲೋಹ ಒಣಗುತ್ತದೆ. ಹಾಗೆ ಬೇಗ ಒಣಗುವುದೇ ಅದರ ಗುಣ. ಆದರೆ ಒಣಗುವುದು ಎಂದರೆ ಡಬ್ಬಿಯಲ್ಲಿದ್ದದ್ದೆಲ್ಲ ಕೊನೆಗೆ ಗಾಳಿಗೆ ಸೇರುವುದು ಎಂದೇ ಅರ್ಥ. ಆ ಗಾಳಿಯಲ್ಲಿ ಒಂದು ಮೊಳ ದೂರದಲ್ಲಿ ಮನುಷ್ಯನ ಮೂಗಿದೆ. ಬಿಡುವಿಲ್ಲದ ಶೆಡ್ಡಿನಲ್ಲಿ ಒಬ್ಬನೇ ದಿನಕ್ಕೆ ಹಲವು ಡಬ್ಬಿಗಳನ್ನು ಖಾಲಿ ಮಾಡುವುದು ಅಪರೂಪವಾಗಿರಲಿಲ್ಲ.

ಚರ್ಮದ ಸಂಗತಿ ಇನ್ನೂ ಸೂಕ್ಷ್ಮ. ಕೈಗವಸು ಹಾಕಿಕೊಂಡರೆ ಸಾಕು ಎಂದು ಹೇಳುವುದು ಸುಲಭ, ಆದರೆ ಯಾವ ಕೈಗವಸು? ತೆಳು ಲ್ಯಾಟೆಕ್ಸ್ ಎರಡೂ ದ್ರಾವಕಗಳಿಗೆ ಬೇಗ ಸೋಲುತ್ತದೆ. ನೈಟ್ರೈಲ್ ರಬ್ಬರು ಹೆಕ್ಸೇನನ್ನು ಚೆನ್ನಾಗಿ ತಡೆಯುತ್ತದೆ, ಅಸಿಟೋನ್ ಮುಂದೆ ಕೆಲವೇ ನಿಮಿಷಗಳಲ್ಲಿ ಉಬ್ಬಿ ಕೈಬಿಡುತ್ತದೆ. ಬ್ಯುಟೈಲ್ ರಬ್ಬರು ಅಸಿಟೋನನ್ನು ತಡೆಯುತ್ತದೆ, ಹೆಕ್ಸೇನ್ ಅದರ ಮೂಲಕ ಸರಾಗವಾಗಿ ಇಳಿಯುತ್ತದೆ. ಎರಡನ್ನೂ ಸಮವಾಗಿ ಬೆರೆಸಿದ ದ್ರವಕ್ಕೆ ಶೆಡ್ಡಿನಲ್ಲಿ ಸಿಗುವ ಸಾಮಾನ್ಯ ಕೈಗವಸುಗಳಲ್ಲಿ ಒಂದೂ ಸರಿಯಾದ ಉತ್ತರವಲ್ಲ. ಹಲವು ಪದರಗಳ ವಿಶೇಷ ಫಿಲ್ಮಿನಿಂದ ಮಾಡಿದ ಗವಸು ತಡೆಯಬಲ್ಲದು, ಆದರೆ ಅದನ್ನು ತೊಟ್ಟು ಸಣ್ಣ ಸ್ಪ್ರಿಂಗು, ಪಿನ್ನುಗಳನ್ನು ಹಿಡಿಯುವುದು ಕಷ್ಟ.

ಹೊಗೆಮಂಜಿನಿಂದ ಡಬ್ಬಿಯವರೆಗೆ

ಲಾಸ್ ಏಂಜಲೀಸ್‌ನ ಆಕಾಶ 1940ರ ದಶಕದಲ್ಲಿ ಕಂದು ಬಣ್ಣಕ್ಕೆ ತಿರುಗಿ ಜನರ ಕಣ್ಣು ಉರಿಯತೊಡಗಿದಾಗ ಮೊದಲು ದೂರಿದ್ದು ಕಾರ್ಖಾನೆಗಳ ಚಿಮಣಿಗಳನ್ನು. ಕ್ಯಾಲ್ಟೆಕ್ ತಂತ್ರಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿದ್ದು ಬೇರೆಯೇ ಸಂಗತಿ: ಗಾಳಿಗೆ ಸೇರಿದ ಹೈಡ್ರೋಕಾರ್ಬನ್ ಆವಿಗಳು ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಪರಸ್ಪರ ವರ್ತಿಸಿ, ನೆಲಮಟ್ಟದಲ್ಲಿ ಉಸಿರಾಟಕ್ಕೆ ಕೆಡುಕಾದ ಓಜೋನ್ ಅನಿಲವನ್ನು ಹುಟ್ಟಿಸುತ್ತವೆ. ಯಾವ ಚಿಮಣಿಯೂ ಓಜೋನನ್ನು ಉಗುಳುವುದಿಲ್ಲ; ಅದು ಊರಿನ ಮೇಲೆಯೇ ತಯಾರಾಗುತ್ತದೆ. 1967ರಲ್ಲಿ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಸ್ಥಾಪನೆಯಾಯಿತು, ಮರುವರ್ಷ ಹಾಗೆನ್-ಸ್ಮಿಟ್ ಅದರ ಮೊದಲ ಅಧ್ಯಕ್ಷರಾದರು. ಕಾರುಗಳ ಹೊಗೆಗೆ, ಕಾರ್ಖಾನೆಗಳಿಗೆ ಕಡಿವಾಣ ಬಿದ್ದಂತೆಲ್ಲ ಉಳಿದ ಮೂಲಗಳ ಪಾಲು ದೊಡ್ಡದಾಗಿ ಕಾಣತೊಡಗಿತು, ಮತ್ತು ಆ ಉಳಿದ ಮೂಲಗಳಲ್ಲಿ ಮನೆಯ ಕಪಾಟಿನಲ್ಲಿರುವ ಡಿಯೋಡರೆಂಟ್, ಕೂದಲ ಸ್ಪ್ರೇ, ಕೀಟನಾಶಕ, ಗಾಜು ಒರೆಸುವ ದ್ರವ ಎಲ್ಲವೂ ಇದ್ದವು. ಒಂದೊಂದು ಡಬ್ಬಿ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು, ಕೋಟ್ಯಂತರ ಡಬ್ಬಿಗಳು ಸೇರಿದರೆ ಹಾಗಲ್ಲ.

1988ರ ಕ್ಯಾಲಿಫೋರ್ನಿಯಾ ಶುದ್ಧ ವಾಯು ಕಾಯ್ದೆಯು ಗ್ರಾಹಕ ಉತ್ಪನ್ನಗಳಿಂದ ಹೊರಬೀಳುವ ಬಾಷ್ಪಶೀಲ ಸಾವಯವ ಸಂಯುಕ್ತಗಳನ್ನು, ಅಂದರೆ ವಿಒಸಿಗಳನ್ನು, ತಾಂತ್ರಿಕವಾಗಿಯೂ ವಾಣಿಜ್ಯಿಕವಾಗಿಯೂ ಸಾಧ್ಯವಿರುವ ಗರಿಷ್ಠ ಮಟ್ಟಕ್ಕೆ ತಗ್ಗಿಸುವಂತೆ ಮಂಡಳಿಗೆ ಹೇಳಿತು. 1989ರಲ್ಲಿ ಮೊದಲ ನಿಯಮ ಡಿಯೋಡರೆಂಟುಗಳಿಗೆ ಬಂತು, 1990ರಲ್ಲಿ ಮತ್ತೊಂದು ಉತ್ಪನ್ನಪಟ್ಟಿ, 1992ರಲ್ಲಿ ಇನ್ನೊಂದು. ಈ ಕೊನೆಯದರಲ್ಲಿ ಬ್ರೇಕ್ ಕ್ಲೀನರ್ ಇತ್ತು. 1997ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಬ್ರೇಕ್ ಕ್ಲೀನರ್‌ನ ತೂಕದಲ್ಲಿ ವಿಒಸಿಯ ಪಾಲು ಶೇಕಡಾ 50ನ್ನು ದಾಟುವಂತಿರಲಿಲ್ಲ.

ಇಲ್ಲಿ ಒಂದು ವ್ಯಾಖ್ಯೆಯ ಮುಂದೆ ನಿಲ್ಲಬೇಕು, ಪ್ರಕರಣದ ತಿರುಳು ಅಲ್ಲಿಯೇ ಇದೆ. ವಿಒಸಿ ಎಂದರೆ ಸುಲಭವಾಗಿ ಆವಿಯಾಗುವ ಸಾವಯವ ಪದಾರ್ಥ ಎಂದು ಯಾರಾದರೂ ಭಾವಿಸಿಯಾರು. ಕಾನೂನಿನ ವಿಒಸಿ ಹಾಗಲ್ಲ. ಆವಿಯಾಗುವ ಪದಾರ್ಥವೊಂದು ಓಜೋನ್ ಹುಟ್ಟಿಸುವುದರಲ್ಲಿ ತೀರ ಮಂದವಾಗಿದ್ದರೆ ಅದನ್ನು ವಿನಾಯಿತಿ ಪಟ್ಟಿಗೆ ಸೇರಿಸುತ್ತಾರೆ, ಆಮೇಲೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಸಿಟೋನ್ ನೀರಿಗಿಂತ ಎಷ್ಟೋ ಬೇಗ ಆವಿಯಾಗುತ್ತದೆ, 56 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಆದರೂ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1995ರ ಜೂನ್‌ನಲ್ಲಿ ಅದಕ್ಕೆ ವಿನಾಯಿತಿ ಕೊಟ್ಟಿತು. ಓಜೋನಿನ ದೃಷ್ಟಿಯಿಂದ ಆ ನಿರ್ಧಾರ ಸರಿಯೇ: ಒಂದು ಗ್ರಾಂ ಅಸಿಟೋನ್ ಹೆಚ್ಚೆಂದರೆ ಸುಮಾರು 0.36 ಗ್ರಾಂ ಓಜೋನ್ ಹುಟ್ಟಿಸಬಲ್ಲದು, ಎನ್-ಹೆಕ್ಸೇನ್ 1.2ರ ಆಸುಪಾಸು, ಇನ್ನೊಂದು ಸಾಮಾನ್ಯ ದ್ರಾವಕವಾದ ಟಾಲ್ಯುಯೀನ್ 4ರಷ್ಟು. ಆದರೆ ಈ ಇಡೀ ಲೆಕ್ಕದಲ್ಲಿ ಎಲ್ಲಿಯೂ ಶ್ವಾಸಕೋಶಕ್ಕೋ ಯಕೃತ್ತಿಗೋ ನರಕ್ಕೋ ಒಂದು ಅಂಕಣವಿಲ್ಲ ಎಂಬುದನ್ನು ಗಮನಿಸಬೇಕು. ವಿನಾಯಿತಿ ಎಂಬ ಮಾತು ನಿರಪಾಯ ಎಂದು ಹೇಳಿದಂತೆ ಕೇಳಿಸುತ್ತದೆ; ಅದರ ಅರ್ಥ ಇಷ್ಟೇ, ಬಿಸಿಲಿನಲ್ಲಿ ಇದು ಹೆಚ್ಚು ಓಜೋನ್ ಮಾಡದು.

ಮುಚ್ಚುತ್ತ ಬಂದ ಬಾಗಿಲುಗಳು

ಬ್ರೇಕ್ ತೊಳೆಯಲು ಬಹುಕಾಲ ಬಳಸಿದ್ದು ಕ್ಲೋರಿನ್‌ಯುಕ್ತ ದ್ರಾವಕಗಳನ್ನು. 1,1,1-ಟ್ರೈಕ್ಲೋರೋಈಥೇನ್ ಗ್ರೀಸನ್ನು ಸೊಗಸಾಗಿ ಕರಗಿಸುತ್ತಿತ್ತು, ಬೆಂಕಿ ಹತ್ತುತ್ತಿರಲಿಲ್ಲ. ಆದರೆ ಅದು ಮೇಲ್ವಾತಾವರಣದಲ್ಲಿ ನಮ್ಮನ್ನು ಕಾಯುವ ಓಜೋನ್ ಪದರವನ್ನು ತಿನ್ನುವ ಪದಾರ್ಥ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ 1996ರ ಆರಂಭಕ್ಕೆ ಅಮೆರಿಕದಲ್ಲಿ ಅದರ ಉತ್ಪಾದನೆ ನಿಂತಿತು. ಪರ್ಕ್ಲೋರೋಎಥಿಲೀನ್ ಉಳಿದಿತ್ತು, ಬಟ್ಟೆಗಳ ಡ್ರೈಕ್ಲೀನಿಂಗಿಗೆ ಬಳಸುವ ಅದೇ ದ್ರಾವಕ. ಇದಕ್ಕೂ ಬೆಂಕಿಯ ಭಯವಿಲ್ಲ, 1996ರಲ್ಲಿ ಇದಕ್ಕೂ ವಿಒಸಿ ವಿನಾಯಿತಿ ದೊರೆಯಿತು. ಆದರೆ ಕ್ಯಾಲಿಫೋರ್ನಿಯಾ 1991ರಲ್ಲೇ ಇದನ್ನು ವಿಷಕಾರಿ ವಾಯುಮಾಲಿನ್ಯಕಾರಕ ಎಂದು ಗುರುತಿಸಿತ್ತು, ಕ್ಯಾನ್ಸರಿನ ಶಂಕೆ ಅದರ ಮೇಲಿತ್ತು. ಹಾಗಾಗಿ ಒಂದು ಕಡೆಯಿಂದ ಕ್ಲೋರಿನ್ ದ್ರಾವಕಗಳ ಮೇಲೆ ಒತ್ತಡ, ಇನ್ನೊಂದು ಕಡೆಯಿಂದ ಹೈಡ್ರೋಕಾರ್ಬನ್‌ಗಳ ಮೇಲೆ ಶೇಕಡಾ 50ರ ಮಿತಿ. ತಯಾರಕನೊಬ್ಬ ಈ ಎರಡು ಗೋಡೆಗಳ ನಡುವೆ ನಿಂತು ಯೋಚಿಸಿದರೆ ಅವನಿಗೆ ಕಾಣುವ ಕಿಂಡಿ ಯಾವುದು?

ಅರ್ಧ ಡಬ್ಬಿಯಷ್ಟು ವಿಒಸಿ ಹಾಕಬಹುದು. ಅಗ್ಗವಾದ, ಗ್ರೀಸನ್ನು ಚೆನ್ನಾಗಿ ಕರಗಿಸುವ, ಪಸೆ ಉಳಿಸದ ಹೆಕ್ಸೇನ್ ಅದಕ್ಕೆ ಹೇಳಿ ಮಾಡಿಸಿದ್ದು. ಉಳಿದ ಅರ್ಧಕ್ಕೆ ಲೆಕ್ಕಕ್ಕೆ ಬಾರದ ಅಸಿಟೋನ್. ಅಸಿಟೋನ್ ಒಂದೇ ಆದರೆ ದಪ್ಪ ಎಣ್ಣೆಯ ಮುಂದೆ ಮಂದ, ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಹೆಕ್ಸೇನ್ ಜೊತೆಗಿದ್ದರೆ ಆ ಕೊರತೆ ತುಂಬುತ್ತದೆ. ಹೀಗೆ ಹೆಕ್ಸೇನ್ ಮತ್ತು ಅಸಿಟೋನ್ ಬೆರೆಸಿದ ಡಬ್ಬಿಗಳು ಬಂದವು. ತಯಾರಕರಲ್ಲಿ ಯಾರೂ ನರವನ್ನು ಕುರಿತು ಯೋಚಿಸದಿದ್ದದ್ದು ತಪ್ಪೇ, ಆದರೆ ಯೋಚಿಸುವಂತೆ ಅವರನ್ನು ಕೇಳಿದವರೂ ಇರಲಿಲ್ಲ. ಡಬ್ಬಿ ಸಲ್ಲಬೇಕಾಗಿದ್ದ ಪರೀಕ್ಷೆ ಒಂದೇ, ಅದು ಶೇಕಡಾವಾರು.

ನರದ ಲೆಕ್ಕ

ಹೆಕ್ಸೇನ್ ತಾನಾಗಿ ಅಷ್ಟೇನೂ ಘಾತಕವಲ್ಲ. ಉಸಿರಿನೊಂದಿಗೆ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋದಾಗ, ಪರಕೀಯ ಪದಾರ್ಥಗಳನ್ನು ಕರಗಿಸಿ ಹೊರಹಾಕುವ ಕಿಣ್ವಗಳು ಅದನ್ನು ಹಂತಹಂತವಾಗಿ ಆಕ್ಸಿಡೀಕರಿಸಿ 2,5-ಹೆಕ್ಸೇನ್‌ಡಯೋನ್ ಎಂಬ ಪದಾರ್ಥವಾಗಿ ಮಾರ್ಪಡಿಸುತ್ತವೆ. ಈ ಅಣುವಿನಲ್ಲಿ ಎರಡು ಕೀಟೋನ್ ಗುಂಪುಗಳು ಒಂದು ನಿರ್ದಿಷ್ಟ ಅಂತರದಲ್ಲಿವೆ, ಆ ಅಂತರವೇ ಅನಾಹುತಕ್ಕೆ ಮೂಲ. ನರಕೋಶದ ಉದ್ದನೆಯ ತಂತುವಿನೊಳಗೆ ಹುರಿಯಂತೆ ಹಬ್ಬಿರುವ ಪ್ರೋಟೀನ್ ಎಳೆಗಳಿಗೆ ಇದು ಅಂಟಿ, ಒಂದನ್ನೊಂದು ಹೊಲಿದುಬಿಡುತ್ತದೆ. ಎಳೆಗಳು ಸಾಗಬೇಕಾದ ದಾರಿಯಲ್ಲಿ ಸಾಗದೆ ಗಂಟುಗಟ್ಟುತ್ತವೆ, ತಂತು ಅಲ್ಲಲ್ಲಿ ಉಬ್ಬುತ್ತದೆ, ಅದರಾಚೆಗಿನ ತುದಿಗೆ ಪೂರೈಕೆ ನಿಂತು ಒಣಗುತ್ತದೆ. ಅತ್ಯಂತ ಉದ್ದವಾದ ನರಗಳಿಗೆ ಮೊದಲ ಪೆಟ್ಟು, ಆದ್ದರಿಂದಲೇ ಜೋಮು ಕಾಲ್ಬೆರಳಿನಿಂದ ಶುರುವಾಗುತ್ತದೆ. ಒಂದು ಇಂಗಾಲದಷ್ಟು ಉದ್ದ ಹೆಚ್ಚಾದ ಹೆಪ್ಟೇನ್ ಅಥವಾ ಹೆಕ್ಸೇನಿನದೇ ಕವಲೊಡೆದ ರೂಪಗಳಿಂದ ಇಂಥ ಹಾನಿ ಈ ಮಟ್ಟದಲ್ಲಿ ಆಗುವುದಿಲ್ಲ. ಶೆಡ್ಡಿನಲ್ಲಿ ಅವು ಮಾಡುವ ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ.

ಇನ್ನು ಅಸಿಟೋನ್. ಅದು ಸ್ವತಃ ನರಕ್ಕೆ ಹೀಗೆ ಹಾನಿ ಮಾಡುವುದಿಲ್ಲ, ನಮ್ಮ ದೇಹವೇ ಅಲ್ಪ ಪ್ರಮಾಣದಲ್ಲಿ ಅದನ್ನು ತಯಾರಿಸುತ್ತದೆ. ಆದರೆ ಹೆಕ್ಸೇನ್ ಜೊತೆ ಸೇರಿದಾಗ 2,5-ಹೆಕ್ಸೇನ್‌ಡಯೋನ್ ದೇಹದಿಂದ ಬೇಗ ಹೊರಹೋಗದಂತೆ ಮಾಡಿ ಅದರ ವಿಷವನ್ನು ಬಲಪಡಿಸುತ್ತದೆ. 1980ರ ದಶಕದಲ್ಲೇ ಇಲಿಗಳ ಮೇಲಿನ ಪ್ರಯೋಗಗಳು ಇದನ್ನು ತೋರಿಸಿದ್ದವು. ಈಗ ಡಬ್ಬಿಯ ಸೂತ್ರವನ್ನು ಮತ್ತೊಮ್ಮೆ ನೋಡಿ: ಅರ್ಧ ಹೆಕ್ಸೇನ್, ಅರ್ಧ ಅಸಿಟೋನ್. ನರಬೇನೆಯನ್ನು ಉಂಟುಮಾಡಲೆಂದೇ ಯಾರಾದರೂ ಕೂತು ಮಿಶ್ರಣ ರಚಿಸಿದ್ದರೂ ಇದಕ್ಕಿಂತ ಬಹಳ ದೂರ ಹೋಗುತ್ತಿರಲಿಲ್ಲ. ಓಜೋನಿನ ತಕ್ಕಡಿಯಲ್ಲಿ ಮಾತ್ರ ಅದು ಸುಧಾರಣೆ.

ಹೆಕ್ಸೇನಿನ ಈ ಗುಣ ಹೊಸ ಪತ್ತೆಯಾಗಿದ್ದರೆ ಇಷ್ಟು ಕಟುವಾಗಿ ಬರೆಯುವ ಅಗತ್ಯ ಇರಲಿಲ್ಲ. 1960ರ ದಶಕದ ಜಪಾನಿನಲ್ಲಿ ಚಪ್ಪಲಿ ತಯಾರಿಸುವ ಕೆಲಸಗಾರರು, ಅಂಟಿನಲ್ಲಿದ್ದ ಹೆಕ್ಸೇನನ್ನು ಗಾಳಿಯಾಡದ ಕೋಣೆಗಳಲ್ಲಿ ಉಸಿರಾಡಿ, ಇದೇ ಬೇನೆಗೆ ಗುರಿಯಾಗಿದ್ದರು. ಇಟಲಿಯ ಪಾದರಕ್ಷೆ ಕೆಲಸಗಾರರಲ್ಲೂ ಅದು ದಾಖಲಾಗಿತ್ತು. ಔದ್ಯೋಗಿಕ ವೈದ್ಯಶಾಸ್ತ್ರದ ಯಾವುದೇ ಪಠ್ಯದಲ್ಲಿ ಹೆಕ್ಸೇನ್ ಮತ್ತು ನರಬೇನೆ ಅಕ್ಕಪಕ್ಕದಲ್ಲೇ ಸಿಗುತ್ತವೆ. ಜ್ಞಾನವಿತ್ತು, ಅದು ಬೇರೆ ಕಟ್ಟಡದಲ್ಲಿತ್ತು. ಮಂಡಳಿಯ ಹೊಣೆ ಹೊರಗಿನ ಗಾಳಿ. ಶೆಡ್ಡಿನೊಳಗಿನ ಗಾಳಿ ಕಾರ್ಮಿಕ ಸುರಕ್ಷತೆಯ ಇಲಾಖೆಗೆ ಸೇರಿದ್ದು. ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಎನ್-ಹೆಕ್ಸೇನ್ ದಿನದ ಸರಾಸರಿಯಲ್ಲಿ ಹತ್ತು ಲಕ್ಷಕ್ಕೆ 50 ಭಾಗ ದಾಟಬಾರದು ಎಂಬ ಮಿತಿಯಿದೆ. ಕೇಂದ್ರ ಸರ್ಕಾರದ ಮಿತಿ ಅದರ ಹತ್ತುಪಟ್ಟು, 500 ಭಾಗ. ಮಿತಿ ಎಷ್ಟೇ ಇರಲಿ, ನಾಲ್ಕೈದು ಜನ ದುಡಿಯುವ ಸಣ್ಣ ಶೆಡ್ಡಿಗೆ ಗಾಳಿ ಅಳೆಯಲು ಯಾರು ಬರುತ್ತಾರೆ?

ರೋಗದ ಇನ್ನೊಂದು ಕ್ರೂರ ಲಕ್ಷಣವಿದೆ. ಹೆಕ್ಸೇನಿನಿಂದ ದೂರವಾದ ಮೇಲೂ ಎರಡು ಮೂರು ತಿಂಗಳು ಬೇನೆ ಹೆಚ್ಚುತ್ತಲೇ ಹೋಗಬಹುದು, ಏಕೆಂದರೆ ತಂತುವಿನೊಳಗೆ ಕಟ್ಟಿದ ಗಂಟುಗಳು ಇನ್ನೂ ಕೆಳಗೆ ಸರಿಯುತ್ತಿರುತ್ತವೆ. ಕೆಲಸ ಬಿಟ್ಟವನು ತಾನು ಬಿಟ್ಟಮೇಲೂ ಏಕೆ ಕುಗ್ಗುತ್ತಿದ್ದೇನೆಂದು ತಿಳಿಯದೆ ಕಾರಣವನ್ನು ಬೇರೆಲ್ಲೋ ಹುಡುಕತೊಡಗುವುದು ಸಹಜ. ಚೇತರಿಕೆ ತಿಂಗಳುಗಳಿಂದ ವರ್ಷಗಳವರೆಗೆ ಎಳೆಯುತ್ತದೆ, ಕೆಲವರಲ್ಲಿ ಪೂರ್ತಿಯಾಗುವುದಿಲ್ಲ.

ಮುಂದಿನ ನಿಯಮಗಳು

ಕಾಲಕ್ರಮವನ್ನು ಜೋಡಿಸಿ ನೋಡಿದರೆ ವಿಚಿತ್ರವೆನಿಸುತ್ತದೆ. ಮೆಕ್ಯಾನಿಕ್‌ಗಳ ಪ್ರಕರಣಗಳನ್ನು 1999 ಮತ್ತು 2000ರಲ್ಲಿ ಆರೋಗ್ಯ ಅಧಿಕಾರಿಗಳು ಪರಿಶೀಲಿಸುತ್ತಿದ್ದಾಗಲೇ, 2000ದ ಏಪ್ರಿಲ್‌ನಲ್ಲಿ ಮಂಡಳಿಯು ವಾಹನ ದುರಸ್ತಿಯ ಉತ್ಪನ್ನಗಳಲ್ಲಿ ಪರ್ಕ್ಲೋರೋಎಥಿಲೀನ್, ಮಿಥಿಲೀನ್ ಕ್ಲೋರೈಡ್, ಟ್ರೈಕ್ಲೋರೋಎಥಿಲೀನ್ ಮೂರನ್ನೂ ನಿಷೇಧಿಸುವ ನಿಯಮವನ್ನು ಅಂಗೀಕರಿಸಿತು. ಅದು 2001ರ ಜೂನ್ ಕೊನೆಗೆ ಜಾರಿಗೆ ಬಂತು. ನಿಷೇಧ ತಪ್ಪಲ್ಲ. ಈ ಮೂರರ ಹಾನಿ ನಿಜವಾದದ್ದು, ಮತ್ತು ಬಳಸಿದ ಎಣ್ಣೆಯ ಡ್ರಮ್ಮುಗಳಿಗೆ ಸೇರಿ ಅದನ್ನು ಅಪಾಯಕಾರಿ ತ್ಯಾಜ್ಯವಾಗಿಸುವ ತೊಂದರೆಯೂ ಇತ್ತು. ಅಮೆರಿಕದ ಉಳಿದೆಡೆ ಪರ್ಕ್ಲೋರೋಎಥಿಲೀನಿನ ಬ್ರೇಕ್ ಕ್ಲೀನರ್ ಇನ್ನೂ ಎರಡು ದಶಕ ಮಾರಾಟವಾಗುತ್ತಲೇ ಇತ್ತು, ಗ್ರಾಹಕ ಬಳಕೆಗೆ ಕೇಂದ್ರದ ನಿಷೇಧ ಹೊರಬಿದ್ದದ್ದು 2024ರ ಡಿಸೆಂಬರ್‌ನಲ್ಲಿ. ಆದರೆ ಕ್ಯಾಲಿಫೋರ್ನಿಯಾದ ಮಟ್ಟಿಗೆ, ಆ ದಿನ ಕ್ಲೋರಿನ್‌ನ ಬಾಗಿಲು ಮುಚ್ಚಿದಾಗ ತೆರೆದಿದ್ದ ಏಕೈಕ ದೊಡ್ಡ ಬಾಗಿಲು ಹೆಕ್ಸೇನ್ ಮತ್ತು ಅಸಿಟೋನ್‌ಗಳದ್ದೇ ಆಗಿತ್ತು, ಮತ್ತು ಅದರ ಹಿಂದೆ ಏನಿದೆಯೆಂದು ಆ ಹೊತ್ತಿಗೆ ರಾಜ್ಯದ್ದೇ ಇನ್ನೊಂದು ಇಲಾಖೆಗೆ ತಿಳಿದಿತ್ತು.

ಬ್ರೇಕ್ ಕ್ಲೀನರ್‌ನ ವಿಒಸಿ ಮಿತಿ 2002ರ ಕೊನೆಗೆ ಶೇಕಡಾ 45ಕ್ಕೆ, 2010ರ ಡಿಸೆಂಬರ್ 31ಕ್ಕೆ ಶೇಕಡಾ 10ಕ್ಕೆ ಇಳಿಯಿತು. ಈ ಎರಡನೆಯ ಇಳಿಕೆಯನ್ನು ನಾನು ಎರಡು ಬಾರಿ ಲೆಕ್ಕಹಾಕಿ ನೋಡಿದೆ. ಹೆಕ್ಸೇನ್ ಸಂಪೂರ್ಣವಾಗಿ ವಿಒಸಿಯೇ ಆದ್ದರಿಂದ, ಶೇಕಡಾ 10ರ ಮಿತಿಯೊಳಗೆ ಡಬ್ಬಿಯಲ್ಲಿ ಅದಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಜಾಗವಿಲ್ಲ. ಅಂದರೆ 50ರ ಮಿತಿ ಹೆಕ್ಸೇನನ್ನು ಒಳಗೆ ಕರೆತಂದಿತು, ಅದೇ ಮಿತಿಯನ್ನು ಇನ್ನಷ್ಟು ಬಿಗಿಮಾಡಿದ್ದು ಅದನ್ನು ಹೊರದಬ್ಬಿತು, ಎರಡೂ ಓಜೋನಿನ ಹೆಸರಿನಲ್ಲಿ. ನರಗಳಿಗೆ ಆದ ಒಳಿತು ಆಕಸ್ಮಿಕ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಮಾತಿದೆ. ಇಲ್ಲಿ ಬಾಗಿಲು ಹಾಕಿದವರಿಗೆ ಕಾಣುತ್ತಿದ್ದದ್ದು ಬೇರೊಂದು ಕೊಳ್ಳೆ.

ಅಸಿಟೋನ್ ತೊಂಬತ್ತು ಪಾಲಿರುವ ಈಗಿನ ಡಬ್ಬಿಯೂ ನಿರ್ದೋಷಿಯಲ್ಲ. ಕ್ಲೋರಿನ್ ದ್ರಾವಕಗಳಿಗೆ ಇಲ್ಲದಿದ್ದ ಬೆಂಕಿಯ ಅಪಾಯ ಅದಕ್ಕಿದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಲಿಫ್ಟಿನ ಕೆಳಗೆ ನೆಲದಲ್ಲಿ ಹರಡಿದ ಆವಿಯ ಹತ್ತಿರ ವೆಲ್ಡಿಂಗ್ ನಡೆಯುತ್ತಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ವಿನಾಯಿತಿ ಪಟ್ಟಿಯ ಇನ್ನೊಂದು ದ್ರಾವಕವಾದ ಪ್ಯಾರಾಕ್ಲೋರೋಬೆಂಜೋಟ್ರೈಫ್ಲೋರೈಡ್‌ನ ಕಥೆ ಮತ್ತೂ ಪರಿಚಿತವಾಗಿ ಕೇಳಿಸುತ್ತದೆ. ಓಜೋನ್ ಮಾಡುವುದರಲ್ಲಿ ಮಂದ ಎಂಬ ಕಾರಣಕ್ಕೆ ಲೇಪನಗಳಲ್ಲೂ ಕ್ಲೀನರುಗಳಲ್ಲೂ ಅದು ಜನಪ್ರಿಯವಾಯಿತು, 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವೇ ಅದನ್ನು ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿತು.

ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕ ಮೈಕೆಲ್ ವಿಲ್ಸನ್ 2006ರಲ್ಲಿ ರಾಜ್ಯದ ಶಾಸನಸಭೆಗಾಗಿ ಸಿದ್ಧಪಡಿಸಿದ ಹಸಿರು ರಸಾಯನದ, ಅಂದರೆ ಮೊದಲಿನಿಂದಲೇ ಕಡಿಮೆ ಅಪಾಯದ ರಾಸಾಯನಿಕಗಳನ್ನು ರೂಪಿಸುವ ವಿಧಾನದ, ವರದಿಯ ನಂತರ, ಒಂದು ಅಪಾಯಕ್ಕೆ ಬದಲಾಗಿ ಇನ್ನೊಂದನ್ನು ತರುವ ಈ ಚಟದ ಬಗ್ಗೆ ಮಾತು ಹೆಚ್ಚಿತು. 2008ರಲ್ಲಿ ಎರಡು ಕಾಯ್ದೆಗಳು ಬಂದವು, ಅವುಗಳ ಆಧಾರದಲ್ಲಿ ಮಾಡಿದ ನಿಯಮಗಳು 2013ರ ಅಕ್ಟೋಬರ್‌ನಿಂದ ಜಾರಿಯಲ್ಲಿವೆ. ಆಯ್ದ ಉತ್ಪನ್ನವೊಂದರಲ್ಲಿ ಅಪಾಯಕಾರಿ ರಾಸಾಯನಿಕ ಇದ್ದರೆ, ಅದನ್ನು ತೆಗೆಯುವ ಮೊದಲು ಬದಲಿ ಯಾವುದು, ಆ ಬದಲಿಯಿಂದ ಯಾರಿಗೆ ಏನಾಗುತ್ತದೆ ಎಂದು ತಯಾರಕರೇ ಪರಿಶೀಲಿಸಿ ಹೇಳಬೇಕೆಂಬುದು ಅವುಗಳ ಸಾರ. ಅಂಥ ಪರಿಶೀಲನೆ ನಿಧಾನ, ವರ್ಷಗಳಲ್ಲಿ ಕೈಗೆತ್ತಿಕೊಂಡ ಉತ್ಪನ್ನಗಳು ಕೆಲವೇ. ಆದರೂ 1992ರಲ್ಲಿ ಬ್ರೇಕ್ ಕ್ಲೀನರ್‌ಗೆ ಮಿತಿ ನಿಗದಿಪಡಿಸಿದ ದಿನ ಯಾರಾದರೂ ಆ ಒಂದು ಪ್ರಶ್ನೆಯನ್ನು ಕಡತದಲ್ಲಿ ಬರೆದಿದ್ದರೆ, ಉತ್ತರ ಹುಡುಕಲು ಬೇಕಾಗಿದ್ದದ್ದು ಹೊಸ ಪ್ರಯೋಗಾಲಯವಲ್ಲ, ಜಪಾನಿನ ಚಪ್ಪಲಿ ಕೆಲಸಗಾರರ ಮೇಲಿನ ಹಳೆಯ ವರದಿ.

ಸ್ಪ್ರೇ ಡಬ್ಬಿಯೇ ಬೇಡವೆಂಬ ದಾರಿಯೂ ಆ ಕಾಲದಲ್ಲೇ ಇತ್ತು. ಚಕ್ರದ ಕೆಳಗೆ ಇಡುವ ತೊಟ್ಟಿ, ಅದರಲ್ಲಿ ಡಿಟರ್ಜೆಂಟ್ ಬೆರೆತ ಬೆಚ್ಚನೆಯ ನೀರು, ಒಂದು ಸಣ್ಣ ಪಂಪು, ಬ್ರಷ್ಷಿನ ತುದಿಯಿಂದ ನಿಧಾನವಾಗಿ ಹರಿಯುವ ಧಾರೆ. ಕೊಳೆ ನೀರಿನಲ್ಲೇ ಉಳಿದು ತೊಟ್ಟಿಗೆ ಬೀಳುತ್ತದೆ, ಧೂಳು ಗಾಳಿಗೆ ಏಳುವುದಿಲ್ಲ, ಉಸಿರಾಡಲು ಆವಿಯಿಲ್ಲ. ಒಣಗಲು ಡಬ್ಬಿಗಿಂತ ಕೆಲವು ನಿಮಿಷ ಹೆಚ್ಚು ಬೇಕು. ಕೆಲಸವನ್ನು ನಿಮಿಷಕ್ಕೆ ಎಣಿಸಿ ಸಂಬಳ ಕೊಡುವ ಶೆಡ್ಡಿನಲ್ಲಿ ಆ ಕೆಲವು ನಿಮಿಷಗಳನ್ನು ಯಾರ ಲೆಕ್ಕಕ್ಕೆ ಹಾಕಬೇಕೆಂಬುದು ಮಾತ್ರ ಯಾವ ನಿಯಮದಲ್ಲೂ ಬರೆದಿರಲಿಲ್ಲ.